ಬಿಸಿಲು ಬೀಳದ ಜಾಗ

೧೯೩೦ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಲಷ್ಕರಿ ಕಾಯ್ದೆ ಜಾರಿಯಾಯಿತು. ಅದೇ ವಾರ ಒಂದು ಫೋಟೋದ ಸಲುವಾಗಿ ಪೊಲೀಸರು ನಮ್ಮಣ್ಣನನ್ನು ಹಿಡಿದೊಯ್ದರು. ಅಣ್ಣ ಜೀವಮಾನದಲ್ಲಿ ಕ್ಯಾಮೆರಾ ಮುಟ್ಟಿದವನಲ್ಲ. ಆದರೆ ಊರಿನಲ್ಲಿ ಅವನಷ್ಟು ಫೋಟೋ ತೆಗೆದವರು ಇನ್ನೊಬ್ಬರಿರಲಿಲ್ಲ!

ಅವನು ಗಿರಣಿಯಲ್ಲಿ ಯಂತ್ರಗಳ ನಕ್ಷೆ ತೆಗೆಯುವವನು. ನಕ್ಷೆಯ ನಕಲು ತೆಗೆಯುವ, ಮದ್ದು ಸವರಿದ ಕಾಗದದ ಚೂರುಗಳನ್ನು ಬೆಳಕು ತಾಗದಂತೆ ಕಪ್ಪು ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ಅದರ ಮೇಲೆ ಏನಾದರೂ ಇಟ್ಟು, ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದಲ್ಲಿ ನೀಲಿ, ನೆರಳಿದ್ದಲ್ಲಿ ಬಿಳಿ. ಜರಡಿ, ಬೀಗದಕೈ, ಮೆಂತೆಸೊಪ್ಪು... ನಮ್ಮ ಮನೆಯಲ್ಲಿ ಆ ಕಾಗದದ ಮೇಲೆ ಮಲಗದ ವಸ್ತು ಯಾವುದಿತ್ತು?

ಅಣ್ಣನ ಹೆಂಡತಿ, ನಮ್ಮ ವೈನಿ, ಚೊಚ್ಚಲ ಹೆರಿಗೆಗೆ ಕರಜಗಿಯ ತವರಿಗೆ ಹೋಗಿದ್ದರು. ಅವರಿಗೆ ಓದು ಬಾರದು. ಗಂಡನ ಪತ್ರವನ್ನು ಅಲ್ಲಿಯ ಮಾಸ್ತರರು ಕಟ್ಟೆಯ ಮೇಲೆ ಕೂತು ಇಡೀ ಓಣಿಗೆ ಕೇಳುವಂತೆ ಓದುತ್ತಿದ್ದರು. ಆದ್ದರಿಂದ ಅಣ್ಣ ಅಕ್ಷರವನ್ನೇ ಬಿಟ್ಟ. ಒಮ್ಮೆ ಸೌಟಿನ ನೆರಳು ಕಳಿಸಿದ. ಮೂರನೆಯ ದಿನ ಕರಜಗಿಯ ಗಾಡಿಯಲ್ಲಿ ಒಂದು ಗಂಟು ಖಡಕ್ ರೊಟ್ಟಿ ಬಂತು.

"ಇದಕ್ಕ ಪತ್ರ ಅಂತಾರ," ಎಂದ.

"ಖರೆ. ಉಪ್ಪಿನಕಾಯಿ ಯಾಕ ಬರಲಿಲ್ಲ?"

"ಭರಣಿ ಇಟ್ಟಿದ್ದಿಲ್ಲೋ ತಮ್ಮಾ."

ಲಷ್ಕರಿ ಕಾಯ್ದೆ ಬಂದ ಮೇಲೆ ಬೀದಿಯಲ್ಲಿ ಚಳವಳಿಯವರ ಬಿಳಿ ಟೋಪಿ ಕಂಡರೆ ಪೊಲೀಸರು ತೆಗೆಸುತ್ತಿದ್ದರು. ಅಣ್ಣ ತೆಗೆದ, ತೆಗೆದು ಕಾಗದದ ಮೇಲಿಟ್ಟ. ಮೂಡಿದ್ದನ್ನು ಬೀದಿ ಬಾಗಿಲಿಗೆ ಅಂಟಿಸಿದ. ಜಮಾದಾರ ಬಂದ.

"ಟೋಪಿ ತಗೀರಿ."

"ತಲಿ ಮ್ಯಾಲ ಇಲ್ಲಲ್ಲರಿ."

"ಬಾಗಲದಾಗಿಂದು ತಗೀರಿ."

"ಅದು ಟೋಪಿ ಅಲ್ಲರಿ ಸಾಹೇಬ್ರ, ಬಿಸಲು ಬೀಳದ ಜಾಗಾ. ಬಿಸಲು ಬೀಳಲಿಲ್ಲಂದ್ರ ಯಾವ ಕಲಂ ಹಚ್ಚತೀರಿ?"

ಕಲಂ ಸಿಗಲಿಲ್ಲ. ಮನೆಯೆಲ್ಲ ಹುಡುಕಿದರೂ ಕ್ಯಾಮೆರಾ ಸಿಗಲಿಲ್ಲ. ಆದರೂ ಆರು ದಿನ ಒಳಗಿಟ್ಟರು.

ಅಷ್ಟರಲ್ಲಿ ಅಣ್ಣ ಗೋಲಿಬಾರಿನಲ್ಲಿ ಸತ್ತನೆಂಬ ಸುದ್ದಿ ಕರಜಗಿ ಮುಟ್ಟಿತ್ತು. ದಿನ ತುಂಬಿದ ವೈನಿ ಊಟ ಬಿಟ್ಟಿದ್ದರು. ಅಣ್ಣ ಕ್ಷೇಮ ಎಂದು ನಾನು ಬರೆದ ಪತ್ರವನ್ನು ಅವರು ನಂಬಲಿಲ್ಲ. "ಮೈದುನ ಪೇಪರಿನಾಗ ಕೆಲಸಕ್ಕಿರಾಂವ. ಏನರೆ ಬರೀತಾನ," ಎಂದರಂತೆ.

ಬಿಟ್ಟು ಕಳಿಸಿದ ದಿನ ಅಣ್ಣ ಮನೆಗೆ ಬಂದವನು ನೀರು ಕುಡಿಯುವ ಮೊದಲೇ ಅಂಗೈಯನ್ನು ಕಾಗದದ ಮೇಲಿಟ್ಟು ಅಂಗಳದಲ್ಲಿ ಕೂತ. ಅವನ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ. ಆ ನೆರಳು ಗಾಡಿಯಲ್ಲಿ ಹೋಯಿತು. ವೈನಿ ಅದರ ಮೇಲೆ ತಮ್ಮ ಕೈ ಇಟ್ಟು ನೋಡಿ, "ಇದು ಅವರದೇ ಕೈ. ತಾಟ ಹಚ್ಚವ್ವಾ, ಉಣತೀನಿ," ಎಂದದ್ದನ್ನು ಗಾಡಿಯವನೇ ಬಂದು ಹೇಳಿದ.

ಎರಡು ವಾರದ ಮೇಲೆ ಕರಜಗಿಯಿಂದಲೇ ಒಂದು ನೀಲಿ ಕಾಗದ ಬಂತು. ತವರಿಗೆ ಹೊರಟಾಗ ಅಣ್ಣ ಕಟ್ಟಿಕೊಟ್ಟಿದ್ದ ಚೂರು ಅದು. ಅಷ್ಟರಲ್ಲಿ ಹೆರಿಗೆಯಾಗಿತ್ತು. ಕೂಸಿಗೆ ಎಣ್ಣೆ ಹಚ್ಚಿ ಎರೆದು ಎಳೆಬಿಸಿಲಿಗೆ ಹಿಡಿಯುತ್ತಾರಲ್ಲ, ಆಗ ಅದರ ಕಾಲ ಕೆಳಗೆ ವೈನಿ ಕಾಗದ ಇಟ್ಟಿದ್ದರು. ಅವರು ಕಳಿಸಿದ ಮೊದಲ ಪತ್ರ. ಅಣ್ಣ ಎಣಿಸಿದ. ಒಂದೇ ಕಾಲಿಗೆ ಎಂಟು ಬೆರಳು.

ಲಷ್ಕರಕ್ಕೆ ಅಂಜದವನು ಇದಕ್ಕೆ ಅಂಜಿದ. ಗಾಡಿಗೂ ಕಾಯದೆ, ಕರಜಗಿಗೆ ಹೋಗುವ ಕುಂಭಾರಿ ಹಾದಿ ಹಿಡಿದು ನಡೆದೇ ಹೊರಟ. ಬಿಸಿಲಿನಲ್ಲಿ ಕೂಸು ಕಾಲು ಝಾಡಿಸಿತ್ತು, ಬೆರಳುಗಳ ನೆರಳು ಎರಡು ಕಡೆ ಬಿದ್ದಿತ್ತು, ಅಷ್ಟೇ.

ಮಗಳಿಗೆ ಈಗ ಏಳು ವರ್ಷ. ಕಾಲಿಗೆ ಬೆರಳು ಐದು. ಅಂಗೈಯ ಕಾಗದ ವೈನಿಯ ಪೆಟ್ಟಿಗೆಯಲ್ಲಿದೆ. ಕಾಲಿನದು ಅಣ್ಣನ ಬಿಳಿ ಟೋಪಿಯ ಮಡಿಕೆಯೊಳಗಿದೆ. ಆ ಟೋಪಿಯನ್ನು ಅವನು ದಿನವೂ ಹಾಕಿಕೊಳ್ಳುತ್ತಾನೆ.