ಬೇಕಾದಾಗ ಕಲಿಯಿರಿ, ಇಂದು ಸಂಜೆ ಐದರೊಳಗೆ

“ಇಂಥವೆಲ್ಲ ನಮಗೇ ಯಾಕೆ ಆಗ್ತವೆ?” ಅಂತ ನಮ್ಮ ಶಾಲೆಯಲ್ಲಿ ವಾರಕ್ಕೊಂದು ಸಲವಾದರೂ ಯಾರಾದರೊಬ್ಬರು ಕೇಳುತ್ತಾರೆ. ಉತ್ತರ ಯಾರಿಗೂ ಗೊತ್ತಿಲ್ಲ. ಆಗುವುದು ಮಾತ್ರ ನಿಂತಿಲ್ಲ.

ನನ್ನ ಮನೆ ಚಿತ್ರದುರ್ಗದಲ್ಲಿ. ಶಾಲೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹೊರಕೆರೆದೇವಪುರದ ಬಸ್ಸು ಹತ್ತಿ ಮಧ್ಯದಲ್ಲಿ ಇಳಿಯಬೇಕು. ಇಪ್ಪತ್ತೆಂಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೊದಲೆಲ್ಲ ಶಿಕ್ಷಕರ ತರಬೇತಿ ಅಂದರೆ ಐದು ದಿನ ಒಂದು ಹಾಲಿನಲ್ಲಿ ಕುಂತು, ಮಧ್ಯಾಹ್ನ ಪುಳಿಯೋಗರೆ ತಿಂದು, ಎದ್ದು ಬರುವುದು. ಈಗ ತರಬೇತಿ ಮೊಬೈಲಿನೊಳಗೆ ಬಂದಿದೆ. ಆಪ್ ತೆರೆದರೆ ನೂರೆಂಟು ಕೋರ್ಸು. “ನಿಮಗೆ ಬೇಕಾದಾಗ, ಬೇಕಾದಲ್ಲಿ, ಬೇಕಾದ ವಿಷಯ ಕಲಿಯಿರಿ” ಅಂತ ಮೇಲೆ ಬರೆದಿರುತ್ತದೆ. ಅದೇ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಂದು ಬರುತ್ತದೆ: “ಎಲ್ಲ ಶಿಕ್ಷಕರು ಇಂದು ಸಂಜೆ ಐದರೊಳಗೆ ಕಡ್ಡಾಯವಾಗಿ ಮುಗಿಸತಕ್ಕದ್ದು.” ಜೊತೆಗೊಂದು ಪಟ್ಟಿ. ಮುಗಿಸದವರ ಹೆಸರು ಕೆಂಪಕ್ಷರದಲ್ಲಿ. ಆ ಗ್ರೂಪಿನ ಟಿಂಗ್ ಸದ್ದು ಕೇಳಿದರೆ ನಾನು ಮೊದಲು ಹುಡುಕುವುದು ಪಟ್ಟಿಯಲ್ಲಿ ನನ್ನ ಹೆಸರನ್ನು.

ಹದಿನೇಳರ ಮಗ್ಗಿ

ಆಪ್ ಒಳಗೆ ಹೋಗಬೇಕಾದರೆ ಓಟಿಪಿ ಬೇಕು. ಓಟಿಪಿ ಬರುವುದು ಇಲಾಖೆಯ ದಾಖಲೆಯಲ್ಲಿರುವ ನಂಬರಿಗೆ. ಯಾವ ಕಾಲದಲ್ಲೋ ನಾನು ನಮ್ಮ ಯಜಮಾನರ ನಂಬರು ಬರೆಸಿದ್ದೆ. ಅವರು ಆ ಸಿಮ್ಮು ಬಿಟ್ಟು ಎಷ್ಟೋ ವರ್ಷವಾಗಿತ್ತು. ನಂಬರು ಬದಲಾಯಿಸಿಕೊಡಿ ಅಂತ ಅರ್ಜಿ ಕೊಟ್ಟರೆ, ಅದು ಮೇಲಿನಿಂದ ಆಗಬೇಕು, ತಡವಾಗುತ್ತೆ ಅಂದರು.

ಬೇರೆ ದಾರಿ ಕಾಣದೆ ಆ ಹಳೇ ನಂಬರಿಗೇ ಫೋನ್ ಮಾಡಿದೆ. ಯಾರೋ ಎತ್ತಿದರು. ಹಿಂದೆ ಕುರಿಗಳ ಸದ್ದು. ಹಿರಿಯೂರಿನ ಕಡೆಯ ಕುರಿ ಸಾಕುವವರೊಬ್ಬರಿಗೆ ಆ ನಂಬರು ಸಿಕ್ಕಿತ್ತು.

“ಅಣ್ಣಾ, ನಾನು ಶಾಲೆ ಟೀಚರ್. ನಿಮ್ಮ ಫೋನಿಗೆ ಈಗೊಂದು ಓಟಿಪಿ ಬಂದಿರುತ್ತೆ. ಸ್ವಲ್ಪ ಹೇಳ್ತೀರಾ?”

ಅವರು ಮೊದಲು ಕುರಿಗಳನ್ನು ಗದರಿಸಿದರು. ಆಮೇಲೆ, “ಅಮ್ಮಾ, ಹಿಂಗೆ ಕೇಳಿ ಕೇಳಿನೇ ನಮ್ಮ ಭಾವನ ಬ್ಯಾಂಕ್ ಖಾತೆ ಬಳಕಂಡು ಹೋದ್ರು. ನಾನು ಹೇಳಾಕಿಲ್ಲ.”

“ನಿಜವಾಗ್ಲೂ ಟೀಚರ್ ಅಣ್ಣಾ.”

“ಟೀಚರ್ ಆದ್ರೆ ಹದಿನೇಳರ ಮಗ್ಗಿ ಹೇಳ್ರಿ ನೋಡಾಣ.”

ನಾನು ಶಾಲೆಯ ಪಡಸಾಲೆಯಲ್ಲಿ ನಿಂತಿದ್ದೆ. ಐದನೇ ಕ್ಲಾಸಿನ ಮಕ್ಕಳು ಕಿಟಕಿಯಿಂದ ನೋಡುತ್ತಿದ್ದವು. ಹದಿನೇಳೊಂದ್ಲಿ ಹದಿನೇಳು ಅಂತ ಶುರು ಮಾಡಿದೆ. ಏಳರವರೆಗೆ ಸರಿಯಾಗೇ ಬಂತು. ಎಂಟಕ್ಕೆ ಬಂದಾಗ ನೂರಾ ಮೂವತ್ತಾರೋ ನೂರಾ ಇಪ್ಪತ್ತಾರೋ ಅಂತ ತಡವರಿಸಿದೆ. ಕಿಟಕಿಯೊಳಗಿಂದ ಒಂದು ಹುಡುಗಿ ಮೆಲ್ಲಗೆ “ಮೂವತ್ತಾರು ಟೀಚರ್” ಅಂದಳು.

“ಯಾರೋ ಹೇಳಿಕೊಟ್ರಲ್ಲ?” ಅಂದರು ಆ ಕಡೆಯಿಂದ.

“ನಮ್ಮ ಮಕ್ಕಳು ಅಣ್ಣಾ.”

“ಹಂಗಾದ್ರೆ ಟೀಚರೇ ಬಿಡ್ರಿ. ಬರ್ಕಳ್ರಿ,” ಅಂತ ಆರು ಅಂಕಿ ಹೇಳಿದರು. ನಾನು ಒತ್ತಿದೆ. ಅವಧಿ ಮುಗಿದಿದೆ, ಹೊಸ ಓಟಿಪಿ ಪಡೆಯಿರಿ ಅಂತ ಬಂತು. ಹೆದರಿಕೊಂಡೇ ಮತ್ತೆ ಫೋನ್ ಮಾಡಿದೆ.

“ಬಂತು ಕಣಮ್ಮ ಇನ್ನೊಂದು,” ಅಂದರು. “ಹೇಳ್ತೀನಿ. ಮೊದ್ಲು ಹತ್ತೊಂಬತ್ತರದು ಹೇಳ್ರಿ.”

ಉಸಿರು

ನಮ್ಮ ಹೆಡ್‌ಮೇಷ್ಟ್ರು ತೀರಾ ಹೆದರುವ ಮನುಷ್ಯ. ಶಾಲೆ ಮುಂದೆ ಬಿಳಿ ಕಾರು ನಿಧಾನವಾದರೆ ಸಾಕು, ಎದ್ದು ನಿಂತು ಶರಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಅವರಿಗೆ ಯಾರೋ “ಶಿಕ್ಷಕರಿಗೆ ಒತ್ತಡ ನಿರ್ವಹಣೆ” ಅನ್ನೋ ಕೋರ್ಸು ಮಾಡಿ ಅಂತ ಹೇಳಿದರು. ಅದೂ ಸಂಜೆ ಐದರೊಳಗೇ ಮುಗಿಸಬೇಕಿತ್ತು.

ಊಟದ ಬೆಲ್ಲಾದ ಮೇಲೆ ಫೋನನ್ನು ಹಾಜರಿ ಪುಸ್ತಕಕ್ಕೆ ಒರಗಿಸಿಕೊಂಡು ಕುಂತರು. ನಾನು ಪಕ್ಕದ ಮೇಜಿನಲ್ಲಿ ನೋಟ್ಸ್ ತಿದ್ದುತ್ತಿದ್ದೆ. ಫೋನಿನೊಳಗಿನ ಹೆಣ್ಣುಮಗಳು ಬೆಣ್ಣೆಯಂಥ ದನಿಯಲ್ಲಿ, “ಈಗ ಕಣ್ಣು ಮುಚ್ಚಿ. ಹತ್ತು ನಿಮಿಷ ನಿಮ್ಮನ್ನು ಯಾರೂ ಕರೆಯುವುದಿಲ್ಲ. ಆಳವಾಗಿ ಉಸಿರು ತೆಗೆದುಕೊಳ್ಳಿ,” ಅಂದಳು. ಹೆಡ್‌ಮೇಷ್ಟ್ರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವರು. ಕಣ್ಣು ಮುಚ್ಚಿದರು.

ಆಗಲೇ ಬಿಳಿ ಕಾರು ಬಂತು. ನಾನು ಎದ್ದು “ಸರ್, ಸರ್” ಅಂದೆ. ಅವರು ಕಣ್ಣು ಬಿಡದೆ ಕೈ ಎತ್ತಿ ಸುಮ್ಮನಿರಿ ಅನ್ನೋ ಹಾಗೆ ತೋರಿಸಿದರು. ಅಷ್ಟರಲ್ಲಿ ತಪಾಸಣೆಯ ಸಾಹೇಬರು ಬಾಗಿಲಿಗೇ ಬಂದುಬಿಟ್ಟಿದ್ದರು.

“ಹೆಡ್‌ಮೇಷ್ಟ್ರೇ,” ಅಂದರು ಸಾಹೇಬರು.

“ಇನ್ನೂ ನಾಕು ನಿಮಿಷ ಐತೆ. ಕುಂತ್ಕಳ್ರಿ,” ಅಂದರು ನಮ್ಮವರು, ಕಣ್ಣು ಮುಚ್ಚಿಕೊಂಡೇ. ಊರಿನ ಯಾರೋ ಟಿಸಿ ಕೇಳೋಕೆ ಬಂದಿದ್ದಾರೆ ಅಂದುಕೊಂಡಿದ್ದರಂತೆ.

ಸಾಹೇಬರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ನಿಜವಾಗಿಯೂ ಕುಂತರು. ಫೋನು ಹೇಳುತ್ತಲೇ ಇತ್ತು: “ನಿಮ್ಮ ಮೇಲಧಿಕಾರಿಯ ಮುಖವನ್ನು ನೆನಪಿಸಿಕೊಳ್ಳಿ. ಅವರೂ ನಮ್ಮಂತೆಯೇ ಮನುಷ್ಯರು. ಅವರ ಬಗೆಗಿನ ಭಯವನ್ನು ಉಸಿರಿನ ಜೊತೆ ಹೊರಗೆ ಬಿಡಿ.” ಹೆಡ್‌ಮೇಷ್ಟ್ರು ಉದ್ದಕ್ಕೆ ಉಸಿರು ಬಿಟ್ಟರು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅವರ ಜೊತೆ ಕೆಲಸ ಮಾಡಿದ ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

“ಈಗ ನಿಧಾನವಾಗಿ ಕಣ್ಣು ತೆರೆಯಿರಿ,” ಅಂದಳು ಆಕೆ.

ತೆರೆದರು. ಹತ್ತು ನಿಮಿಷ ಹೊರಗೆ ಬಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಒಳಗೆ ಎಳೆದುಕೊಂಡರು.

ತಪ್ಪು ಉತ್ತರ

ಪ್ರತಿ ಕೋರ್ಸಿನ ಕೊನೆಗೆ ಪರೀಕ್ಷೆ. ಮಕ್ಕಳಿಗೆ ಪರೀಕ್ಷೆ ಮಾಡಿ ಮಾಡಿ ನನಗೆ ಪರೀಕ್ಷೆ ಬರೆಯುವುದು ಮರೆತೇ ಹೋಗಿತ್ತು. ಮೊದಲ ಸಲ ಫೇಲಾದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡನೇ ಸಲಕ್ಕೂ ಫೇಲಾದಾಗ ನಮ್ಮ ಶಾಲೆಯ ಇನ್ನೊಬ್ಬ ಮೇಡಂ, ಹೊಸದುರ್ಗದ ಹುಡುಗಿ, ಸೇರಿ ಮೂರೇ ವರ್ಷವಾದವಳು, “ಅಕ್ಕಾ, ಅಷ್ಟೊಂದು ಯಾಕೆ ಒದ್ದಾಡ್ತೀರಾ? ಯಾವ ಉತ್ತರ ಉದ್ದ ಐತೋ ಅದನ್ನ ಒತ್ರಿ,” ಅಂದಳು. ಕಾಪಿ ಚೀಟಿ ಹರಿದು ಹಾಕುತ್ತಾ ಬಂದವಳು ನಾನು. ಹಾಗೆ ಮಾಡಲು ಮನಸ್ಸು ಬರಲಿಲ್ಲ.

ಮೂರನೇ ಸಲವೇ ಕೊನೆಯ ಅವಕಾಶ. ಪ್ರಶ್ನೆ ಹೀಗಿತ್ತು: “ಮಗು ತಪ್ಪು ಉತ್ತರ ಹೇಳಿದರೆ ನೀವು ಏನು ಮಾಡುವಿರಿ?” ನಾನು ದಿನಾ ಮಾಡುವುದನ್ನೇ ಒತ್ತಿದೆ, ಸರಿ ಉತ್ತರ ಹೇಳಿಕೊಡುತ್ತೇನೆ ಅಂತ. ಕೆಂಪು ಗುರುತು ಬಂತು. ಕೆಳಗೆ ವಿವರಣೆ: “ಮಗುವನ್ನು ಗದರಿಸದೆ, ಉತ್ಸಾಹ ತುಂಬಿ, ಮತ್ತೆ ಯೋಚಿಸಲು ಸಾಕಷ್ಟು ಸಮಯ ಕೊಡಬೇಕು.”

ಓದಿ, ಹೌದಲ್ಲ ಅಂದುಕೊಂಡೆ. ಇದು ಒಳ್ಳೇ ಮಾತು, ಇಷ್ಟು ವರ್ಷ ನಾನೇ ಅವಸರ ಮಾಡಿದೆನೇನೋ ಅಂತ ಸ್ವಲ್ಪ ಬೇಜಾರೂ ಆಯಿತು. ಮತ್ತೆ ಯೋಚಿಸೋಣ ಅಂತ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಒತ್ತಿದೆ.

“ನೀವು ತಪ್ಪಾಗಿ ಉತ್ತರಿಸಿದ್ದೀರಿ. ನಿಮ್ಮ ಸಮಯ ಮುಗಿದಿದೆ. ಇನ್ನು ಅವಕಾಶವಿಲ್ಲ,” ಅಂದಿತು ಆಪ್.

ಮೂರು ನಿಮಿಷದ ವಿಡಿಯೋ

ಒಂದು ಕೋರ್ಸಿಗೆ ನಮ್ಮ ತರಗತಿಯದೇ ವಿಡಿಯೋ ಮಾಡಿ ಕಳಿಸಬೇಕಿತ್ತು. ಗುಂಪು ಚರ್ಚೆ ಹೇಗೆ ನಡೆಸುತ್ತೀರಿ ಅಂತ ತೋರಿಸಬೇಕು. ಹೊಸದುರ್ಗದ ಮೇಡಂ ಫೋನ್ ಹಿಡಿದಳು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿದ್ದೆ. ಮಕ್ಕಳು “ಟೀಚರ್, ನಿಮ್ಮದು ಬರ್ತ್‌ಡೇನಾ?” ಅಂತ ಕೇಳಿದವು.

ಮೊದಲ ಸಲ ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಬಿಟ್ಟರು. ಕ್ಯಾಮೆರಾ ನೋಡಬೇಡಿ ಅಂದೆ. ಎರಡನೇ ಸಲ ಇಡೀ ಆರನೇ ಕ್ಲಾಸು ಸೂರು ನೋಡುತ್ತಾ ಕುಂತಿತು. ಮೂರನೇ ಸಲಕ್ಕೆ ಎಲ್ಲ ಸರಿಹೋಗುತ್ತಿತ್ತು. “ಒದ್ದೆ ಬಟ್ಟೆ ಒಣಗಿದಾಗ ನೀರು ಎಲ್ಲಿಗೆ ಹೋಗುತ್ತೆ, ಗುಂಪಿನಲ್ಲಿ ಮಾತಾಡಿಕೊಳ್ಳಿ,” ಅಂತ ಆದಷ್ಟು ಸಹಜವಾಗಿ ಹೇಳಿದೆ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.

“ಟೀಚರ್, ಆಗ್ಲೇ ಹೇಳಿದ್ದನ್ನೇ ಹೇಳ್ಬೇಕಾ, ಈ ಸಲ ಬೇರೆ ಹೇಳ್ಬೇಕಾ?”

ಆ ಭಾಗ ಕತ್ತರಿಸಿ ಕಳಿಸೋಣ ಅಂದುಕೊಂಡಿದ್ದೆವು. ಐದು ಗಂಟೆಯ ಗಡಿಬಿಡಿಯಲ್ಲಿ ಕತ್ತರಿಸದೆ ಇದ್ದದ್ದೇ ಹೋಗಿಬಿಟ್ಟಿತು. ನೋಟೀಸು ಬರುತ್ತೆ ಅಂತ ಎರಡು ದಿನ ಗ್ರೂಪ್ ನೋಡುತ್ತಲೇ ಇದ್ದೆ. ಮೂರನೇ ದಿನ ಪರಿಶೀಲಕರ ಅಭಿಪ್ರಾಯ ಬಂತು: “ಮಕ್ಕಳು ಯಾವುದೇ ಅಂಜಿಕೆಯಿಲ್ಲದೆ ಪ್ರಶ್ನೆ ಕೇಳುವ ವಾತಾವರಣ ನಿರ್ಮಿಸಿರುವುದು ಶ್ಲಾಘನೀಯ.”

ಪಟ್ಟಿಯಲ್ಲಿ ಮೊದಲನೇ ಹೆಸರು

ಇದನ್ನು ಹೇಳಲು ಈಗಲೂ ಮುಜುಗರ.

ಆಪ್‌ನ ವಿಡಿಯೋಗಳನ್ನು ಮುಂದಕ್ಕೆ ಓಡಿಸಲು ಬರುವುದಿಲ್ಲ, ಪೂರ್ತಿ ನೋಡಲೇಬೇಕು. ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟು ಮುದ್ದೆಗೆ ಎಸರಿಡುತ್ತಿದ್ದೆ. ನಮ್ಮ ಅತ್ತೆ ಅವರೆಕಾಯಿ ಸುಲಿಯುತ್ತಾ ಅದರ ಮುಂದೆ ಕೂರುತ್ತಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಏಳನೇ ಕ್ಲಾಸು ಓದಿದವರು. ಕನ್ನಡಕ ಹಾಕಿಕೊಂಡು ಪೇಪರಿನ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದುತ್ತಾರೆ.

“ಈ ಹುಡುಗಿ ಚೆನ್ನಾಗಿ ಹೇಳ್ತಾಳೆ ಕಣಮ್ಮ,” ಅಂದರು ಒಂದು ದಿನ. “ಮಧ್ಯ ಮಧ್ಯ ಜಾಹೀರಾತೂ ಇಲ್ಲ.”

ಆಮೇಲೆ ನಾನು ಸ್ನಾನಕ್ಕೆ ಹೋದಾಗ, ಬಟ್ಟೆ ಒಗೆಯುವಾಗ, ಭಾನುವಾರವಿಡೀ, ಫೋನು ಅವರ ಕೈಯಲ್ಲೇ. ಒಂದು ಮುಗಿದರೆ ಇನ್ನೊಂದು ಒತ್ತುವುದನ್ನು ಕಲಿತರು. ಪರೀಕ್ಷೆಯನ್ನೂ ಅವರೇ ಬರೆಯುತ್ತಿದ್ದಾರೆ ಅಂತ ಗೊತ್ತಾದಾಗ ನನಗೆ ಗಾಬರಿಯಾಯಿತು.

“ಅತ್ತೆ, ಉತ್ತರ ಹೆಂಗೆ ಗೊತ್ತಾಗುತ್ತೆ ನಿಮಗೆ?”

“ನಾಕು ಮಾತು ಕೊಟ್ಟಿರ್ತಾರೆ. ಮನುಷ್ಯತ್ವ ಇರೋರು ಯಾವುದು ಹೇಳ್ತಾರೋ ಅದನ್ನ ಒತ್ತಾದು. ಅದ್ರಾಗೇನೈತೆ?”

ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಕೆಂಪಕ್ಷರದಿಂದ ನನ್ನ ಹೆಸರು ಹೊರಬಂದಿತ್ತು, ಗ್ರೂಪ್ ಟಿಂಗ್ ಅಂದರೆ ಓಡಿಹೋಗಿ ಪಟ್ಟಿ ನೋಡುವುದು ಕಡಿಮೆಯಾಗಿತ್ತು. ಆ ನೆಮ್ಮದಿ ಬಿಟ್ಟುಕೊಡಲು ಧೈರ್ಯ ಬರಲಿಲ್ಲ.

ಒಂದು ಬೆಳಿಗ್ಗೆ ಹೆಡ್‌ಮೇಷ್ಟ್ರು ಗೇಟಿನ ಹತ್ತಿರವೇ ಕಾಯುತ್ತಿದ್ದರು. “ಮೇಡಂ, ಇಡೀ ತಾಲ್ಲೂಕಿಗೆ ನೀವೇ ಫಸ್ಟ್. ನಲವತ್ತೊಂದು ಕೋರ್ಸು. ಶನಿವಾರ ಹೊಳಲ್ಕೆರೆಯಲ್ಲಿ ಸಭೆ ಐತೆ. ನೀವು ಹದಿನೈದು ನಿಮಿಷ ಮಾತಾಡ್ಬೇಕಂತೆ.”

ಅದರಲ್ಲಿ ನಾನು ಮುಗಿಸಿದ್ದು ಆರು. ಫೇಲಾದದ್ದೊಂದು ಬೇರೆ.

ಶುಕ್ರವಾರ ಸಂಜೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಉಳಿದ ಕೋರ್ಸುಗಳನ್ನು ಹೇಳಿಕೊಟ್ಟರು. ನಾನು ಬರೆದುಕೊಂಡೆ. ಅಂಗವಿಕಲ ಮಕ್ಕಳನ್ನು ಎಲ್ಲಿ ಕೂರಿಸಬೇಕು, ಮಾತಾಡದ ಮಗುವನ್ನು ಹೇಗೆ ಮಾತಾಡಿಸಬೇಕು, ಎಲ್ಲ ಬಾಯಿಪಾಠವಿತ್ತು ಅವರಿಗೆ. ಹನ್ನೆರಡನೆಯದಕ್ಕೆ ಬಂದಾಗ ನಾನು ಆಕಳಿಸಿದೆ. “ಗಮನ ಇಲ್ಲ ನಿಂಗೆ,” ಅಂದರು. “ನಾಳೆ ಅಲ್ಲಿ ನನ್ನ ಮಾನ ತೆಗೀಬೇಡ.”

ಹೊಳಲ್ಕೆರೆಯ ಹಾಲಿನಲ್ಲಿ ನೂರಕ್ಕೆ ಹತ್ತಿರ ಶಿಕ್ಷಕರು. ಮೈಕಿನ ಮುಂದೆ ನಿಂತು ಬರೆದುಕೊಂಡು ಹೋದ ಹಾಳೆ ನೋಡಿ ನಾಲ್ಕು ಮಾತು ಹೇಳಿದೆ. ಹಾಳೆಯಿಂದ ತಲೆ ಎತ್ತಲೇ ಇಲ್ಲ. ವೇದಿಕೆ ಮೇಲಿದ್ದ ಅಧಿಕಾರಿಗಳು ಮೆತ್ತಗಿನ ಮನುಷ್ಯ. “ಮೇಡಂ, ಸಂಕೋಚ ಬೇಡ,” ಅಂದರು. “ಇಷ್ಟೊಂದು ಕೋರ್ಸು ಮಾಡೋಕೆ ಟೈಮ್ ಹೆಂಗೆ ಹೊಂದಿಸ್ಕಂಡ್ರಿ, ಅದನ್ನ ಹೇಳ್ರಿ ಸಾಕು.”

ಎಲ್ಲರೂ ಪೆನ್ನು ಹಿಡಿದು ಕಾಯುತ್ತಿದ್ದರು. ಏನಾದರೊಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

“ಸರ್, ಟೈಮ್ ನನಗೆ ಸಿಗಲಿಲ್ಲ. ಮೂವತ್ತೈದು ಕೋರ್ಸು ನಮ್ಮ ಅತ್ತೆ ಮಾಡಿದ್ದು.”

ನನ್ನ ಕೆಲಸ ಇವತ್ತಿಗೆ ಮುಗಿಯಿತು, ಪಿಂಚಣಿಯೂ ಹೋಯಿತು ಅಂದುಕೊಂಡೆ. ಆಗ ಹಿಂದಿನ ಸಾಲಿನಿಂದ ವಯಸ್ಸಾದ ಮೇಷ್ಟ್ರೊಬ್ಬರು ಎದ್ದು, ಬಹಳ ವಿನಯದಿಂದ ಕೇಳಿದರು:

“ಮೇಡಂ, ನಿಮ್ಮ ಅತ್ತೆಯವರು ಹೊರಗಿನವರ ಫೋನೂ ತಗಂತಾರಾ?”

ಸಭೆಯೆಲ್ಲ ನಗೆಯಲ್ಲಿ ಮುಳುಗಿಹೋಯಿತು. ಅಧಿಕಾರಿಗಳು ನಗು ತಡೆದುಕೊಂಡು ಕನ್ನಡಕ ಒರೆಸಿದರು.

“ಅವರು ಎಲ್ಲಾ ಪೂರ್ತಿ ನೋಡಿದ್ರಾ?”

“ಒಂದು ನಿಮಿಷಾನೂ ಬಿಡದೆ ಸರ್.”

“ನೀವು ಆ ಮೂವತ್ತೈದೂ ಮತ್ತೆ ನೀವೇ ಮಾಡ್ರಿ, ಅದು ಬೇರೆ ಮಾತು,” ಅಂದರು. “ಆದ್ರೆ ಮುಂದಿನ ಸಭೆಗೆ ಅವರನ್ನ ಕರ್ಕಂಡ್ ಬರ್ರಿ. ಪೂರ್ತಿ ನೋಡಿದೋರು ಒಬ್ಬರನ್ನಾದ್ರೂ ನಾನು ಕಣ್ಣಾರೆ ನೋಡ್ಬೇಕು.”

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗು ಸರಿಮಾಡಿಕೊಂಡು ಹೇಳಿದರು:

“ಬರ್ತೀನಿ ಅಂತ ಹೇಳು. ಆದ್ರೆ ನಾನು ಹೇಳಿಕೊಡುವಾಗ ಒಬ್ಬ ಮೇಷ್ಟ್ರ ಕೈಯಲ್ಲೂ ಮೊಬೈಲ್ ಇರಬಾರ್ದು.”