ಅಲುಗಬೇಕು, ಬೀಳಬಾರದು

ವಿಜ್ಞಾನ ಮಾಸ್ತರನ ಕೈಗೆ ಒಂದು ಲೇಖನ ಸಿಕ್ಕರೆ ಸಾಕು, ಮನೆಮಂದಿಯ ಗ್ರಹಚಾರ ಶುರುವಾಯಿತೆಂದೇ ಲೆಕ್ಕ. ಕಲಬುರಗಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಕಲಿಸುತ್ತಿರುವ ನಾನೇ ಆ ಮಾಸ್ತರ.

ಕಮಲಾಪುರದಲ್ಲಿ ಎರಡು ಸಲ ಭೂಮಿ ಸಣ್ಣಗೆ ನಡುಗಿತು. ಅಲ್ಲಿರುವ ನಮ್ಮ ಅತ್ತೆ ಗೌರಮ್ಮನವರು ಕಲ್ಲಿನ ಮನೆಯೊಳಗೆ ಮಲಗುವುದಿಲ್ಲ ಎಂದು ಹಠ ಹಿಡಿದು ಅಂಗಳಕ್ಕೆ ಹಾಸಿಗೆ ತಂದರು.

ನನ್ನ ಹೆಂಡತಿ ಮಹಾದೇವಿಗೆ ಒಂದೇ ಚಿಂತೆ. "ಅವ್ವಗ ಮೊದಲೇ ದಮ್ಮು ಅದರಿ. ಥಂಡಿ ಬಿದ್ರ ಹೊರಗ ಹ್ಯಾಂಗ ಮಲಗ್ತಾಳ?"

ನನ್ನ ಬಳಿ ಉತ್ತರ ಸಿದ್ಧವಿತ್ತು. ತೆಳು ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ಅಂಟು ಹಾಕಿ, ಯಂತ್ರದಲ್ಲಿ ಒತ್ತಿ ಮಾಡಿದ ಕಟ್ಟಿಗೆ. ಕಲ್ಲಿಗಿಂತ ಹಗುರ, ಭೂಕಂಪಕ್ಕೆ ಅಲುಗುತ್ತದೆ, ಬೀಳುವುದಿಲ್ಲ ಎಂದು ಲೇಖನ ಹೇಳಿತ್ತು. ಅಂಗಳದಲ್ಲೇ ಅದರದೊಂದು ಕೋಣೆ ಕಟ್ಟಿಸುವುದಾಗಿ ಘೋಷಿಸಿದೆ.

ಬಡಗಿ ಖಾಜಾಮಿಯಾ ಆ ಊರಿಗೆಲ್ಲ ಹೆಸರಾದವರು. ಅವರು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಇರುವೆಯೂ ನುಸುಳದು. ಅಂಥವರಿಗೆ ನಾನು ಬೆರಳೆತ್ತಿ ಅಪ್ಪಣೆ ಕೊಟ್ಟೆ: "ಮನಿ ಅಲುಗಬೇಕು, ಬೀಳಬಾರದು."

"ಖರೇನೇ ಅಲುಗ್ಬೇಕೇನ್ರಿ, ಮಾಸ್ತರ್ ಸಾಬ್?"

"ಅಲುಗ್ಲೇಬೇಕು."

ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ವಿಜ್ಞಾನ ಹೇಳಿದೆ. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನುಷ್ಯ ಬೋಲ್ಟುಗಳನ್ನು ಅರ್ಧಕ್ಕೇ ಬಿಗಿದು ಬಿಟ್ಟರು, ಬಹಳ ಸಂಕಟದಿಂದ.

ಎಳ್ಳಮಾಸಿ ಹಬ್ಬದ ಹಿಂದಿನ ದಿನ ಕೋಣೆ ಸಿದ್ಧವಾಯಿತು. ಅತ್ತೆ ಒಳಗೆ ಕಾಲಿಡಲು ಹಿಂದೆಮುಂದೆ ನೋಡಿದರು. ಧೈರ್ಯ ತುಂಬುವುದು ಅಳಿಯನ ಕರ್ತವ್ಯವಲ್ಲವೇ? ಮಧ್ಯಾಹ್ನದ ಊಟ ಮುಗಿಸಿ, ಎಲ್ಲರೂ ನೋಡುತ್ತಿರುವಂತೆಯೇ ಒಳಗೆ ಹೋಗಿ ಚಾಪೆಯ ಮೇಲೆ ಮಲಗಿದೆ. ಗಾಢ ನಿದ್ದೆ!

ನಾನು ಇಷ್ಟು ನಿಶ್ಚಿಂತೆಯಿಂದ ಗೊರಕೆ ಹೊಡೆಯುವುದನ್ನು ಕಂಡು ಅತ್ತೆಗೂ ಧೈರ್ಯ ಬಂದಿದೆ. ಹೊಸ ನೆಲ ಚೊಕ್ಕಟವಾಗಿದೆ ಎಂದು ಅಕ್ಕಪಕ್ಕದ ಇಬ್ಬರನ್ನು ಕರೆದು, ಒಳಗೇ ಕೂತು ಹಬ್ಬದ ಸಜ್ಜೆ ರೊಟ್ಟಿ ಬಡಿಯತೊಡಗಿದ್ದಾರೆ. ಮೂರು ಜೊತೆ ಕೈ, ಒಂದೇ ತಾಳ. ಸಡಿಲ ಕೋಣೆಯೂ ತಾಳ ಹಾಕಿತು.

ಕಣ್ಣು ಬಿಟ್ಟರೆ ಗೋಡೆ ತೂಗುತ್ತಿದೆ! "ಭೂಕಂಪ!" ಎಂದು ಕಿರುಚಿ, ಲುಂಗಿ ಹಿಡಿದು, ಹಿಟ್ಟಿನ ಪರಾತವನ್ನೇ ತುಳಿದು, ಅತ್ತೆಯನ್ನು ದಾಟಿ ಬೀದಿಗೆ ಹಾರಿದೆ. ನನ್ನ ಕೂಗಿಗೆ ಓಣಿಯೇ ಹೊರಬಂತು. ಹೊರಬಾರದವರು ಮೂವರೇ. ಒಳಗೆ ಧಪ್ ಧಪ್ ನಡೆದೇ ಇತ್ತು.

ಗುಂಪಿನಲ್ಲಿದ್ದ ಖಾಜಾಮಿಯಾ ಮುಂದೆ ಬಂದು ಗೋಡೆಗೆ ಅಂಗೈ ಒತ್ತಿ ನೋಡಿದರು. "ನೀವು ಹೇಳ್ದಂಗೇ ಅದರಿ ಸಾಬ್. ಅಲುಗ್ಲಾಕತ್ತದ, ಬಿದ್ದಿಲ್ಲ."

ಗೋಡೆಗಳು ಕೂಡುವ ಕಡೆ ಬಿಗಿಯಾಗಿಯೇ ಇರಬೇಕು, ಭೂಕಂಪದ ಹೊಡೆತಕ್ಕೆ ಅಲ್ಲಿಯ ಲೋಹದ ಪಟ್ಟಿಗಳು ಬಾಗಿ ಕೋಣೆಯನ್ನು ಕಾಯುತ್ತವೆ ಎಂಬುದು ಲೇಖನದ ಎರಡನೇ ಪುಟದಲ್ಲಿತ್ತು. ನಾನು ಮೊದಲನೆಯದನ್ನು ಮಾತ್ರ ಓದಿದ್ದೆ. ಸಂಜೆಯೊಳಗೆ ಖಾಜಾಮಿಯಾ ಒಂದೊಂದು ಬೋಲ್ಟನ್ನೂ ಪರಮ ಸಂತೋಷದಿಂದ ಬಿಗಿದರು.

ಆಮೇಲೆ ಅತ್ತೆ ತಾವಾಗಿಯೇ ಹಾಸಿಗೆ ಒಳಗೆ ತಂದರು. ಮಹಾದೇವಿಯ ಕಣ್ಣು ತುಂಬಿತು. ನಾನು ಎದೆ ಉಬ್ಬಿಸಿ, ಅಂಜಿಕೆ ಹೋಯಿತೇ ಎಂದು ಕೇಳಿದೆ.

"ಭೂಕಂಪದ್ದು ಹೋಯ್ತು," ಎಂದರು ಅತ್ತೆ, ಹಾಸಿಗೆಯನ್ನು ಮೂಲೆಗೆ ಎಳೆಯುತ್ತ. "ಆದ್ರ ನೀವು ಬಂದಾಗ ಮಾತ್ರ ನಾ ಬಾಗಲ ಸಮೀಪ ಮಲಗಂಗಿಲ್ಲ."

ನಾನು ಬಚ್ಚಲಿಗೆ ನಡೆದೆ. ಕಾಲಿಗೆ ಮೆತ್ತಿದ ಹಿಟ್ಟು ತೊಳೆಯುವುದು ಬಾಕಿ ಇತ್ತು.