ಪರದೆಯಪ್ಪ ಕಟ್ಟಿದ ಕೋಳಿಗೂಡು

ಕೋಳಿಗಳು ಪರದೆಯಪ್ಪನ ಮನೆಗೆ ಬಂದದ್ದು ಕೃತಜ್ಞತೆಯ ರೂಪದಲ್ಲಿ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಕಾಲು ಮುರಿದುಕೊಂಡು ವಾರಗಟ್ಟಲೆ ಮಲಗಿದ್ದ ಮುದುಕನೊಬ್ಬ ಮನೆಗೆ ಹೊರಡುವಾಗ, "ನಿಮ್ಮನ್ನ ಮರೆಯೋದುಂಟಾ ತಾಯಿ" ಎಂದು ಕಣ್ಣೊರೆಸಿಕೊಂಡಿದ್ದ. ನಿಜಕ್ಕೂ ಮರೆಯಲಿಲ್ಲ. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಬುಟ್ಟಿ, ಬುಟ್ಟಿಯ ತುಂಬ ಕೋಳಿಗಳು.

ಚಹಾ ಕುದಿಯುವಷ್ಟರಲ್ಲಿ ಅವು ಬುಟ್ಟಿಯಿಂದ ಇಳಿದು ಮನೆಯನ್ನು ಹಂಚಿಕೊಂಡಿದ್ದವು. ಒಂದು ಅಕ್ಕಿ ಡಬ್ಬದ ಮೇಲೆ ಕೂತಿತ್ತು. ಇನ್ನೊಂದು ಕನ್ನಡಿಯ ಮುಂದೆ ನಿಂತು ಎದುರಿನ ಕೋಳಿಯ ಜೊತೆ ಜಗಳಕ್ಕೆ ಬಿದ್ದಿತ್ತು. ಕೆಂಪಗಿದ್ದ ಒಂದು ಹೇಂಟೆ ಪರದೆಯಪ್ಪನ ದಿಂಬಿನ ಮೇಲೆ ಅವನೇ ಅತಿಥಿಯೆಂಬಂತೆ ಕೂತಿತ್ತು.

ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತೀರ್ಪು ಕೊಟ್ಟಳು. "ಸಂಜೆ ನಾನು ಬರೋ ಹೊತ್ತಿಗೆ ಹಿತ್ತಲಲ್ಲಿ ಇವಕ್ಕೊಂದು ಗೂಡು ಆಗಿರ್ಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮ ಬಣ್ಣದ ಕೋಣೆ ಇವಕ್ಕೆ. ಕೊಟ್ಟೋರ ಮನಸ್ಸು ನೋಯಿಸೋಕೆ ನನ್ನಿಂದಾಗಲ್ಲ."

ಗೇಟಿನ ಪಕ್ಕದ ಮೂಲೆಯಲ್ಲಿ ಪರದೆಯಪ್ಪನೇ ಕಟ್ಟಿಕೊಂಡಿದ್ದ ಹಲಗೆ ಗೋಡೆಯ, ತಗಡು ಮಾಡಿನ ಆ ಕೋಣೆ ಅವನ ಪಾಲಿನ ಸ್ವರ್ಗ. ಬಣ್ಣದ ಡಬ್ಬಗಳು, ಕುಂಚಗಳು, ಅವನ ಬೆನ್ನಿನ ಆಕಾರಕ್ಕೆ ತಗ್ಗು ಬಿದ್ದ ಒಂದು ಮಂಚ. ಬಣ್ಣ ಕಲಸಿ ಬರುತ್ತೇನೆಂದು ಊಟವಾದ ಮೇಲೆ ಒಳಗೆ ಹೋದರೆ ಸಂಜೆಯ ತನಕ ಬರೀ ಗೊರಕೆ ಕೇಳುತ್ತಿತ್ತು. ಅಲ್ಲಿಗೆ ಹೆಂಡತಿಗೂ ಪ್ರವೇಶವಿರಲಿಲ್ಲ, ನೆರೆಯವರಿಗಂತೂ ಇಲ್ಲವೇ ಇಲ್ಲ.

"ನೋಡೇ, ಅರಮನೆ ಕಟ್ಟಿರೋ ಕೈ ಇದು. ಕೋಳಿಗೂಡು ಒಂದು ಲೆಕ್ಕಾನಾ?" ಎಂದು ಅವನು ಎದೆಯುಬ್ಬಿಸಿದ.

"ನಿಮ್ಮ ಅರಮನೆ ಹಿಂದೆ ಏನಿರುತ್ತೆ ಅಂತ ನಂಗೊತ್ತಿಲ್ವಾ?" ಎನ್ನುತ್ತ ಅವಳು ಹೊರಟುಹೋದಳು.

ಆಕೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಪರದೆಯಪ್ಪ ನಾಟಕ ಕಂಪನಿಯ ಸೀನರಿ ಮಾಡುವವನು. ಅರಮನೆ, ಜೈಲು, ಕಾಡು, ಸಮುದ್ರ, ಏನು ಕೇಳಿದರೂ ಬಟ್ಟೆ ಬಣ್ಣಗಳಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ. ನಾಟಕ ಮುಗಿದ ಮೇಲೆ ನಾಲ್ಕು ಕೀಲು ಎಳೆದರೆ ಸಾಮ್ರಾಜ್ಯವೆಲ್ಲ ಮಡಚಿಕೊಂಡು ಲಾರಿ ಹತ್ತುತ್ತಿತ್ತು. ಬೀದಿಯವರು ಇಟ್ಟ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಸ್ವಂತ ಹೆಸರು ಅವನಿಗೂ ಸಹಿ ಮಾಡುವಾಗ ಮಾತ್ರ ನೆನಪಾಗುತ್ತಿತ್ತು.

ಕೆಲಸಕ್ಕೆ ಕೂತ ಮೇಲೆ ಮಾತ್ರ ಅವನು ತಲೆಯೆತ್ತಲಿಲ್ಲ. ಹಳೆಯ ಪೇಪರಿನ ಮೇಲೆ ನಕ್ಷೆ ಬರೆದ, ಅಳಿಸಿದ, ಮತ್ತೆ ಬರೆದ. ತೆಳು ಮರದ ರೀಪುಗಳನ್ನು ಕೊಯ್ದು ಚೌಕಟ್ಟು ಮಾಡಿದ, ಬಟ್ಟೆ ಬಿಗಿದ, ಬಣ್ಣ ಬಳಿದ. ಮಧ್ಯಾಹ್ನದ ಹೊತ್ತಿಗೆ ಹಿತ್ತಲಲ್ಲಿ ಒಂದು ಅದ್ಭುತ ಎದ್ದು ನಿಂತಿತು. ಕಮಾನಿನ ಹೆಬ್ಬಾಗಿಲು, ಎರಡೂ ಬದಿಗೆ ಕಿಟಕಿಗಳು, ಮೇಲೊಂದು ಉಪ್ಪರಿಗೆ. ಅರೆತೆರೆದ ಬಾಗಿಲಿನಾಚೆ ದೀಪ ಉರಿಯುವ ಮೆಟ್ಟಿಲುಗಳು ಬೇರೆ.

ಮೊದಲು ಕಂಡವನು ಪಕ್ಕದ ಮನೆಯ ಟೈಲರ್. ಕಾಂಪೌಂಡಿನ ಮೇಲೆ ತಲೆ ತೂರಿಸಿ, "ಪರದೆಯಪ್ಪನೋರೇ, ಬಾಡಿಗೆಗೆ ಕೊಡ್ತೀರಾ?" ಎಂದ. ಆ ದಿನ ರಜೆಯಲ್ಲಿದ್ದ ಬಸ್ ಕಂಡಕ್ಟರ್ ಅವನ ಹಿಂದೆಯೇ ಬಂದ. ಎದುರುಮನೆಯ ದೊಡ್ಡಮ್ಮನನ್ನು ಯಾರೂ ಕರೆದಿರಲಿಲ್ಲ, ಆದ್ದರಿಂದಲೇ ಆಕೆ ಬಂದಳು. ಬೀದಿಯಲ್ಲಿ ತಾನಿಲ್ಲದೆ ಒಂದು ಮೊಳೆಯೂ ಗೋಡೆಗಿಳಿಯಬಾರದೆಂಬುದು ಆಕೆಯ ನಿಲುವು.

ಗಂಡಸರಿಬ್ಬರೂ ಬಾಯಿ ತೆರೆದುಕೊಂಡು ಮುಂದೆಯೇ ನಿಂತರೆ, ದೊಡ್ಡಮ್ಮ ನೆಟ್ಟಗೆ ಹಿಂದಕ್ಕೆ ಹೋದಳು. ಪರದೆಯಪ್ಪನ ವೃತ್ತಿಜೀವನದಲ್ಲಿ ಪ್ರೇಕ್ಷಕರೊಬ್ಬರು ಹಾಗೆ ಮಾಡಿದ್ದು ಅದೇ ಮೊದಲು.

"ಗೂಡೆಲ್ಲಪ್ಪಾ?" ಎಂದಳು ದೊಡ್ಡಮ್ಮ, ಆ ಕಡೆಯಿಂದ.

"ಇದೇ ದೊಡ್ಡಮ್ಮ."

"ಇದು ಬರೀ ಮುಖ. ಹಿಂದೆ ಏನೂ ಇಲ್ಲ."

"ಹಿಂದೆ ಯಾರು ನೋಡ್ತಾರೆ?"

"ಕೋಳಿ ನೋಡುತ್ತೆ."

ಪರದೆಯಪ್ಪ ಹಿಂದೆ ಹೋಗಿ ನೋಡಿದ. ಅಲ್ಲಿ ಒಂದು ರೀಪು ಓರೆಯಾಗಿ ಆನಿಕೊಂಡಿತ್ತು, ಅದರಾಚೆ ಬರೀ ಹಿತ್ತಲು. ಎಷ್ಟೋ ವರ್ಷ ಒಂದೇ ಕಡೆಯಿಂದ ಲೋಕ ಕಟ್ಟಿದವನಿಗೆ ಕೋಳಿಗಳು ಒಳಗೆ ಹೋಗಬೇಕಾಗುತ್ತದೆಂಬುದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಕೆಂಪು ಹೇಂಟೆ ಠೀವಿಯಿಂದ ನಡೆದುಬಂದು ದೀಪ ಉರಿಯುವ ಮೆಟ್ಟಿಲು ಹತ್ತಲು ಹೋಗಿ ಕೊಕ್ಕು ಗುದ್ದಿಕೊಂಡಿತು. ಹಿಂದೆ ಸರಿದು ಇನ್ನೊಮ್ಮೆ ಗುದ್ದಿಕೊಂಡಿತು. ಆಮೇಲೆ ಪರದೆಯಪ್ಪನನ್ನು ಒಂದು ಕಣ್ಣಿನಲ್ಲಿ ನೋಡಿತು. ಆ ನೋಟಕ್ಕೆ ಅವನು ನಾಚಿ ನೀರಾದ.

ಕಂಡಕ್ಟರ್ ನಕ್ಕು ನಕ್ಕು ಸುಸ್ತಾಗಿ ಓರೆ ರೀಪಿಗೆ ಒರಗಿದ. ಅರಮನೆ ಉದ್ದಕ್ಕೆ ಮಲಗಿತು. ಕೋಳಿಗಳು ಅದರ ಮೇಲೆ ಓಡಾಡಿ ಉಪ್ಪರಿಗೆಯನ್ನು ಕೆದಕತೊಡಗಿದವು.

"ಅಳ್ಬೇಡಪ್ಪ, ನಾವಿದ್ದೀವಿ," ಎಂದಳು ದೊಡ್ಡಮ್ಮ. ಅವನಿಗೆ ನಿಜವಾಗಿ ಅಳು ಬಂದದ್ದು ಆಗಲೇ.

ಮೂವರೂ ಸೇರಿ ಹೊಸ ಗೂಡಿನ ಯೋಜನೆಗೆ ಕೈಹಾಕಿದರು. ಟೈಲರ್ ಕೊರಳಿನ ಟೇಪು ತೆಗೆದು, ಕೆಂಪು ಹೇಂಟೆಯನ್ನು ಕಂಕುಳಲ್ಲಿ ಅವಚಿಕೊಂಡು ಎದೆ, ಉದ್ದ, ಕುತ್ತಿಗೆ ಎಲ್ಲ ಅಳೆದ. "ಸ್ವಲ್ಪ ಲೂಸಾಗೇ ಇಡೋಣ. ಬೆಳೆಯೋ ವಯಸ್ಸು, ಆಮೇಲೆ ಬಿಗಿ ಆಗುತ್ತೆ," ಎಂದ.

"ಅದೆಲ್ಲ ಬಿಡಿ. ಹತ್ತೋಕೊಂದು ಬಾಗಿಲು, ಇಳಿಯೋಕೊಂದು ಬಾಗಿಲು ಇರ್ಬೇಕು. ಒಂದೇ ಬಾಗಿಲಾದ್ರೆ ನೂಕುನುಗ್ಗಲು," ಎಂದ ಕಂಡಕ್ಟರ್.

"ಎರಡು ಬಾಗಿಲಿಟ್ರೆ ಎರಡು ಬೆಕ್ಕು ಬರುತ್ತೆ. ಒಂದೇ ಬಾಗಿಲು, ಚಿಕ್ಕದು. ಒಳಗೆ ಕೂರೋಕೆ ಅಡ್ಡಕೋಲು. ಮೇಲ್ಗಡೆ ಗಾಳಿಗೆ ಜಾಲರಿ," ಎಂದು ದೊಡ್ಡಮ್ಮ ಅಪ್ಪಣೆ ಕೊಡಿಸಿದಳು.

ಮೂವರಿಗೂ ಪರದೆಯಪ್ಪ ತಲೆಯಾಡಿಸಿದ. ಹೊತ್ತು ಜಾರುತ್ತಿತ್ತು. ಅವನ ಕಣ್ಣಮುಂದೆ ಮಂಚವೂ ಅದರ ತಗ್ಗಿನಲ್ಲಿ ಹಾಯಾಗಿ ಮಲಗಿದ ಕೆಂಪು ಹೇಂಟೆಯೂ ತೇಲಿಬರುತ್ತಿದ್ದವು.

ಬಿದ್ದ ಅರಮನೆಯ ರೀಪುಗಳಿಂದ ಚೌಕಟ್ಟು ಎದ್ದಿತು. ಆದರೆ ಅದು ಪರದೆಯಪ್ಪನ ಕೈಯ ಚೌಕಟ್ಟು. ರಂಗದ ಮೇಲೆ ಅವನ ಅರಮನೆಗಳು ನಿಲ್ಲುತ್ತಿದ್ದದ್ದೇ ಹಿಂದೆ ಯಾರಾದರೂ ಹಿಡಿದುಕೊಂಡು ನಿಂತಿರುತ್ತಿದ್ದುದರಿಂದ. ಇಲ್ಲಿ ಮೂವರೂ ಅಪ್ಪಣೆ ಕೊಡುವುದರಲ್ಲೇ ಮುಳುಗಿದ್ದರಿಂದ ಅವನೇ ಒಳಗೆ ಹೊಕ್ಕು ಎರಡೂ ಕೈ ಚಾಚಿ ಹಿಡಿದುಕೊಂಡ.

"ಬಿಟ್ರೆ ಬೀಳುತ್ತೆ," ಎಂದ.

"ಹಾಗಾದ್ರೆ ಬಿಡ್ಬೇಡಿ," ಎಂದ ಟೈಲರ್. "ಗೋಡೆಗೆ ಹಲಗೆ ಎಲ್ಲಿ?"

ಹಲಗೆ ಇರಲಿಲ್ಲ. ಬಟ್ಟೆಯ ಗೋಡೆ ಕೋಳಿಯ ಒಂದು ಕುಕ್ಕಿಗೂ ತಾಳುತ್ತಿರಲಿಲ್ಲ. ಪರದೆಯಪ್ಪ ಚೌಕಟ್ಟಿನೊಳಗಿನಿಂದಲೇ ಅಂಗಲಾಚಿದ. "ಎಲ್ಲಿಂದಾದ್ರೂ ತನ್ನಿ. ನಿಮಗೆ ಕೈಮುಗೀತೀನಿ, ಈಗ ಕೈ ಖಾಲಿ ಇಲ್ಲ, ಆಮೇಲೆ ಮುಗೀತೀನಿ."

ಕಂಡಕ್ಟರ್ ಒಂದು ಗಳಿಗೆ ಯೋಚಿಸಿದ. "ಒಂದು ಕಡೆ ಕಣ್ಣಿಗೆ ಬಿದ್ದಿದೆ ಅಣ್ಣಾ. ನೀವು ಅಲ್ಲಾಡ್ಬೇಡಿ," ಎಂದು ಟೈಲರನನ್ನು ಕರೆದುಕೊಂಡು ಮನೆಯ ಮುಂಬದಿಗೆ ಹೋದ.

ಆಮೇಲೆ ಹಲಗೆಗಳು ಬರತೊಡಗಿದವು. ಒಂದೊಂದೇ ಅಲ್ಲ, ಹೊರೆಹೊರೆಯಾಗಿ. ಟೈಲರ್ ಹೊರಗಿನಿಂದ ಒತ್ತಿ ಹಿಡಿದರೆ ಕಂಡಕ್ಟರ್ ಬಾಯ್ತುಂಬ ಮೊಳೆ ಕಚ್ಚಿಕೊಂಡು ಸುತ್ತಿಗೆ ಬೀಸಿದ. ಒಳಗಿದ್ದ ಪರದೆಯಪ್ಪನಿಗೆ ಕಾಣುತ್ತಿದ್ದದ್ದು ಹಲಗೆಯ ಒರಟು ಬೆನ್ನು ಮಾತ್ರ. ಆದರೂ ಗಟ್ಟಿ ಮರವೆಂದು ಗೊತ್ತಾಯಿತು. ಮೊಣಕೈಯಿಂದ ತಟ್ಟಿ ನೋಡಿ ಅವನ ಕರುಳು ತಂಪಾಯಿತು.

"ಇಂಥ ಮರ ಯಾವ ಪುಣ್ಯಾತ್ಮನದಪ್ಪ?"

ಕಂಡಕ್ಟರ್ ಮೊಳೆಗಳ ಸಂದಿಯಿಂದ ಏನೋ ಗೊಣಗಿದ.

"ಯಾರೇ ಆಗ್ಲಿ, ಅವನ ಹೊಟ್ಟೆ ತಣ್ಣಗಿರ್ಲಿ. ಮುಂದಿನ ನಾಟಕಕ್ಕೆ ಮೊದಲ ಸಾಲಿನ ಕುರ್ಚಿ ಅವನಿಗೆ," ಎಂದು ಪರದೆಯಪ್ಪ ಘೋಷಿಸಿದ.

ಸುತ್ತ ಕತ್ತಲಾಗುತ್ತ ಬಂದಿತು. ಸಂಜೆಯಾಯಿತೆಂದು ಅವನು ಗಾಬರಿಯಾದ. ಹೊರಗೆ ಇನ್ನೂ ಬಿಸಿಲಿತ್ತು, ಕತ್ತಲಾದದ್ದು ಒಳಗೆ ಮಾತ್ರ. ನಾಲ್ಕೂ ಗೋಡೆ ಎದ್ದಿದ್ದವು. ಅವನ ಹೊಟ್ಟೆಯ ಮುಂದೊಂದು, ಬೆನ್ನ ಹಿಂದೊಂದು ಅಡ್ಡಕೋಲು ಬಂದಿದ್ದವು. ತಲೆಯ ಮೇಲೆ ತಗಡು ಕೂತು ಅವನು ಸೊಂಟ ಬಗ್ಗಿಸಬೇಕಾಯಿತು.

"ನಾನು ಒಳಗಿದ್ದೀನಿ," ಎಂದು ಅವನು ನೆನಪಿಸಿದ.

"ಇರ್ಲಿ ಬಿಡಿ, ಕೋಳಿಗೆ ಧೈರ್ಯ ಬರುತ್ತೆ," ಎಂದು ಕಂಡಕ್ಟರ್ ಅಭ್ಯಾಸಬಲದಿಂದ ಒಂದು ಸೀಟಿ ಊದಿದ. "ಒಳಗೆ ನಡೀರಿ, ಒಳಗೆ ನಡೀರಿ. ಹಿಂದೆ ಜಾಗ ಖಾಲಿ ಇದೆ."

ಕೋಳಿಗಳು ಸಾಲಾಗಿ ಹತ್ತಿದವು. ಅಡ್ಡಕೋಲಿನ ಮೇಲೆ ಜಾಗ ಸಾಕಷ್ಟಿದ್ದರೂ ಎರಡು ಅವನ ಭುಜವನ್ನೇ ಆರಿಸಿಕೊಂಡವು. ಕೆಂಪು ಹೇಂಟೆ ತಲೆಗೇರಿತು. ಅವನು ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂತು, ಚಿಕ್ಕ ಬಾಗಿಲಿನಿಂದ ಮುಖ ಹೊರಗೆ ಹಾಕಿದ. ಮುಖ ಬಂತು, ಭುಜ ಬರಲಿಲ್ಲ.

ಟೈಲರ್ ಟೇಪು ಹಿಡಿದು ಅವನ ಹೆಗಲು ಅಳೆದ. "ಎರಡೂ ಕಡೆ ಒಂದು ಗೇಣು ಬಿಚ್ಚಿದ್ರೆ ಬರ್ತೀರಿ."

"ಬಾಗಿಲು ಮುಟ್ಟಕೂಡ್ದು," ಎಂದಳು ದೊಡ್ಡಮ್ಮ. "ಇವನು ಬರೋದು ಇವತ್ತೊಂದಿನ. ಬೆಕ್ಕು ದಿನಾ ಬರುತ್ತೆ."

ಈ ಚರ್ಚೆ ಕಾವೇರುತ್ತಿದ್ದಾಗ, ಆಸ್ಪತ್ರೆಯಿಂದ ಹಿಂದಿನ ಓಣಿಯಲ್ಲಿ ಬಂದ ಹೆಂಡತಿ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡಳು. ಆಸ್ಪತ್ರೆಯಲ್ಲಿ ಏನೇನೋ ನೋಡಿದವಳು. ಗೂಡಿನ ಬಾಗಿಲಲ್ಲಿ ಗಂಡನ ಮುಖ ಕಂಡದ್ದಕ್ಕೆ ಹುಬ್ಬನ್ನೂ ಏರಿಸಲಿಲ್ಲ. ಹಿಂದಿನಿಂದ ಬಂದು ತಗಡನ್ನು ಪಾತ್ರೆಯ ಮುಚ್ಚಳ ಎತ್ತಿದಂತೆ ಎತ್ತಿ, ಅವನ ಕಂಕುಳಿಗೆ ಕೈಕೊಟ್ಟು ಮೇಲಕ್ಕೆಳೆದಳು. ಅವನು ಹಿಂಬದಿಯ ಗೋಡೆ ದಾಟಿ ಹುಲ್ಲಿನ ಮೇಲೆ ಬಿದ್ದ, ಮೈತುಂಬ ಪುಕ್ಕ.

ಆಕೆ ಗೂಡನ್ನು ಅಲ್ಲಾಡಿಸಿ ನೋಡಿದಳು. ಅದು ಮಿಸುಕಲಿಲ್ಲ. ಜಾಲರಿ ಎಳೆದಳು, ಚಿಲಕ ಹಾಕಿ ತೆಗೆದಳು. ಅವಳ ಮುಖ ಅರಳಿತು. "ನಾನು ಸೋತೆ ರೀ. ಇದು ನಿಜವಾದ ಗೂಡು. ಎಲ್ಲರ ಮುಂದೆ ಹೇಳ್ತೀನಿ, ಇನ್ನು ಆ ಕೋಣೆ ಸುದ್ದಿಗೆ ಬರಲ್ಲ. ಅದು ನಿಮ್ಮದೇ."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ 'ಸೋತೆ' ಎಂಬ ಮಾತು ಪರದೆಯಪ್ಪ ಕೇಳಿರಲಿಲ್ಲ. ಸುಖ ಅಂದರೆ ಇದೇ ಅಂದುಕೊಂಡ.

ಅವಳು ಗೂಡಿನ ಮುಂದಕ್ಕೆ ಹೋದಳು. "ಬಣ್ಣ ಬೇರೆ ಹಚ್ಚಿದ್ದೀರಲ್ಲ. ಇಷ್ಟೆಲ್ಲ ಯಾವಾಗ ಮಾಡಿದ್ರಿ?"

ಪರದೆಯಪ್ಪ ಬಣ್ಣ ಹಚ್ಚಿರಲಿಲ್ಲ. ಮೈ ಕೊಡವಿಕೊಂಡು ಮುಂದೆ ಬಂದು ನೋಡಿದ. ಹಲಗೆಗಳ ಮೇಲೆ ನೀಲಿ, ಹಸಿರು, ಕೇಸರಿ ಗೀಟುಗಳು. ಕುಂಚ ಒರೆಸಿದ ಗುರುತುಗಳು. ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಹಳೆಯ ಟೋಪಿ ನೇತಾಡುತ್ತಿತ್ತು. ಟೋಪಿ ಅವನದು.

ಅವನು ಮನೆ ಸುತ್ತಿಕೊಂಡು ಗೇಟಿನ ಕಡೆಗೆ ಓಡಿದ. ಕೋಣೆಯಿದ್ದ ಮೂಲೆಯಲ್ಲಿ ಸಿಮೆಂಟಿನ ನೆಲ ಗುಡಿಸಿಟ್ಟಂತಿತ್ತು. ನೆಲದ ಮೇಲೆ ಬಣ್ಣದ ಡಬ್ಬಗಳು, ಕುಂಚಗಳು, ತಗ್ಗು ಬಿದ್ದ ಮಂಚ, ಅದರ ಮೇಲೆ ಅಚ್ಚುಕಟ್ಟಾಗಿ ಮಡಚಿಟ್ಟ ಹೊದಿಕೆ. ಗೋಡೆಯಿಲ್ಲ, ಬಾಗಿಲಿಲ್ಲ, ಮಾಡಿಲ್ಲ. ಮೇಲೆ ಆಕಾಶವೊಂದೇ.

"ಅದು ನನ್ನ ಕೋಣೆ," ಎಂದ.

ಹಿಂದೆ ಓಡಿಬಂದ ಕಂಡಕ್ಟರ್ ಪೆಚ್ಚಾದ. "ಕೋಣೆನಾ? ನಾವು ಸೀನರಿ ಅಂದ್ಕೊಂಡ್ವಲ್ಲ ಅಣ್ಣಾ. ನಾಲ್ಕು ಕೀಲು ಎಳೆದ್ವಿ, ಹಪ್ಪಳದ ಹಾಗೆ ಕಳಚ್ಕೊಂಡು ಬಂತು. ನಿಜವಾದ ಕೋಣೆ ಆಗಿದ್ರೆ ಹಾಗೆ ಬರ್ತಿತ್ತಾ?"

ಪರದೆಯಪ್ಪನಿಗೆ ಗೊತ್ತಿದ್ದದ್ದು ಕಟ್ಟುವ ಅದೊಂದೇ ಬಗೆ.

"ಗೂಡು ಬಿಚ್ಚೋಣ," ಎಂದ ಕೊನೆಗೆ.

"ಆಗಲ್ಲ, ಮೊಳೆ ನಾನು ಹೊಡೆದಿರೋದು," ಎಂದ ಕಂಡಕ್ಟರ್ ಹೆಮ್ಮೆಯಿಂದ. ಮಲಗಿದ ಕೋಳಿಯನ್ನು ಎಬ್ಬಿಸಿದರೆ ಮೊಟ್ಟೆಯಿಡುವುದಿಲ್ಲವೆಂದು ದೊಡ್ಡಮ್ಮ ಹೇಳಿಬಿಟ್ಟಳು.

ಹೆಂಡತಿ ಮಾತ್ರ ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹೊದಿಕೆ ಬಿಡಿಸಿ ಮಂಚದ ಮೇಲೆ ಹಾಸಿದಳು. "ಹೇಳಿದ್ನಲ್ಲ ರೀ, ಕೋಣೆ ನಿಮ್ಮದೇ. ನಾನು ಕಾಲೂ ಇಡಲ್ಲ. ದಣಿದಿದ್ದೀರಿ, ಸ್ವಲ್ಪ ಹೊತ್ತು ಮಲಗಿ," ಎಂದು ಒಳಗೆ ಹೋದಳು.

ಬೇರೇನೂ ತೋಚದೆ ಪರದೆಯಪ್ಪ ಹೋಗಿ ತನ್ನ ತಗ್ಗಿನಲ್ಲಿ ಮಲಗಿದ. ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಗೇಟಿನ ಬಳಿ ನಿಂತರು. ಡಬ್ಬಗಳನ್ನೂ ಮಂಚವನ್ನೂ ಅದರ ಮೇಲೆ ಮಲಗಿದ, ತಲೆಯಲ್ಲಿ ಪುಕ್ಕ ಸಿಕ್ಕಿಸಿಕೊಂಡ ಮನುಷ್ಯನನ್ನೂ ಭಕ್ತಿಯಿಂದ ನೋಡಿದರು. ಗುಂಪು ಬೆಳೆಯಿತು. ಹಿಂದಿದ್ದವರು ಮುಂದಿದ್ದವರಿಗೆ ಕೂತುಕೊಳ್ಳಲು ಹೇಳಿದರು.

"ಯಜಮಾನ್ರೇ," ಎಂದು ಒಬ್ಬ ಮೆಲ್ಲಗೆ ಕೇಳಿದ, "ನಾಟಕ ಎಷ್ಟೊತ್ತಿಗೆ ಶುರು?"

ಪರದೆಯಪ್ಪ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಗೇಟಿನ ಬಳಿ ಚಪ್ಪಾಳೆ ಕೇಳಿಸಿತು.